ಸಾಸಿವೆ ಡಬ್ಬಿ

ಕೊತ್ತನೂರಿನ ಚರ್ಚ್ ತಿರುವಿನಲ್ಲಿ, ಹಿಟ್ಟಿನ ಗಿರಣಿ ಪಕ್ಕ
ನನ್ನ ಅಂಗಡಿ. ಎರಡು ಆಳುದ್ದ, ಒಂದು ಆಳಗಲ.
ಹೋದ ವರ್ಷ ಆಗಸ್ಟಿನಲ್ಲಿ ಬಂದಳು
ಟಾಂಜಾನಿಯಾದ ಹುಡುಗಿ, ನರ್ಸಿಂಗ್ ಓದಲಿಕ್ಕೆ.
ಹೆಸರು ಕೇಳಿದೆ. ನೀಮಾ ಅಂದಳು.
ನನ್ನ ಕಿವಿಗೆ ಬಿದ್ದದ್ದು ನೇಮ.
ಸಾಲದ ಪುಸ್ತಕದಲ್ಲಿ ಹಾಗೇ ಬರೆದೆ:
ನೇಮಮ್ಮ, ಮೂರನೇ ಮಹಡಿ.

ಮೊದಲ ದಿನ ಕಾರ್ಡು ಚಾಚಿದಳು,
ನೀಲಿ ಬಣ್ಣದ್ದು, ಮೂಲೆಯಲ್ಲೊಂದು ಜಿರಾಫೆ.
ಅದನ್ನು ಉಜ್ಜುವ ಮಿಷನ್ನು ನನ್ನ ಹತ್ತಿರ ಎಲ್ಲಿ?
ತಿರುಗಿಸಿ ನೋಡಿದೆ, ವಾಪಸ್ ಕೊಟ್ಟೆ,
ಗೋಡೆಯ ಚೌಕ ತೋರಿಸಿದೆ.
ಅವಳ ಫೋನು ಚೌಕವನ್ನು ನೋಡಿತು, ಗುರುತು ಹಿಡಿಯಲಿಲ್ಲ.
ಇಲ್ಲಿಯ ನಂಬರು ಬೇಕು, ಇಲ್ಲಿಯ ಬ್ಯಾಂಕು ಬೇಕು,
ಬ್ಯಾಂಕಿಗೆ ಬಾಡಿಗೆ ಕರಾರು ಬೇಕು,
ಕರಾರಿಗೆ ರುಜು ಹಾಕಬೇಕಾದ ಓನರಮ್ಮ
ಮಗಳ ಬಾಣಂತನಕ್ಕೆ ಹೋಗಿ ಕೂತಿದ್ದರು.

"ನಮ್ಮೂರಲ್ಲಿ ಮೀನು ಮಾರೋ ಅಜ್ಜಿಗೂ
ಫೋನಲ್ಲೇ ದುಡ್ಡು ಗೊತ್ತಾ" ಅಂದಳು,
ನಗುತ್ತಾ, ಸ್ವಲ್ಪ ಸಿಟ್ಟಲ್ಲಿ.
ದುಡ್ಡಿಗೆ ಅವರ ಕಡೆ ಪೇಸ. ಅಂಗಡಿಗೆ ದುಕಾ.
ಅಷ್ಟು ದೊಡ್ಡ ಸಮುದ್ರ ದಾಟಿಯೂ
ಈ ಎರಡು ಮಾತು ಒದ್ದೆಯೇ ಆಗಿಲ್ಲ.

ಅಂತೂ ನೋಟು.
ಎಟಿಎಂ ಪ್ರತಿ ಸಲವೂ ಒಂದು ತುತ್ತು ಕಚ್ಚಿಕೊಳ್ಳುತ್ತದೆಂದು
ತಿಂಗಳದ್ದೆಲ್ಲ ಒಟ್ಟಿಗೆ ತೆಗೆದು
ದಪ್ಪ ಪಾಠದ ಪುಸ್ತಕದಲ್ಲಿ ಅಡಗಿಸುತ್ತಿದ್ದಳಂತೆ:
ಬಾಡಿಗೆ ಎದೆಗೂಡಿನ ಪುಟದಲ್ಲಿ,
ಊಟದ್ದು ಜಠರದಲ್ಲಿ,
ಬಸ್ಸಿನದು ಮೊಣಕಾಲಿನ ಚಿತ್ರದ ಹತ್ತಿರ.
ಐನೂರರ ನೋಟು ಹಿಡಿದು ಕೊತ್ತಂಬರಿಗೆ ಬಂದಾಗ
ನಾನೂ ಬೈದಿದ್ದೇನೆ.
"ಚಿಲ್ಲರೆ ಇದೆಯಾ ಅಣ್ಣ?"
ಆಟೋ ಹತ್ತುವ ಮೊದಲು ಕೇಳಲಿಕ್ಕೆಂದು
ಅವಳು ಕಲಿತ ಮೊದಲ ಪೂರ್ತಿ ಕನ್ನಡ.

ಇನ್ನೊಂದು ವಿಷಯ. ಯಾರಿಗೂ ಹೇಳಿಲ್ಲ.
ಅಂಗಡಿ ನನ್ನದು.
ಐದೂವರೆಗೆ ಇಳಿಸುವ ಹಾಲಿನ ಕ್ರೇಟು ನನ್ನದು,
ಸೊಂಟನೋವೂ ನನ್ನದೇ.
ಆ ಚೌಕ ಮಾತ್ರ ಯಜಮಾನರ ಖಾತೆಗೆ.
ಪೆಟ್ಟಿಗೆ ಇಲ್ಲಿ ಕೂಗಿದಾಗಲೆಲ್ಲ
ಹೆಣ್ಣೂರು ಕ್ರಾಸಿನಲ್ಲೆಲ್ಲೋ
ಅವರ ಜೇಬು ಟಿಂಗ್ ಅನ್ನುತ್ತದೆ.

ಇಡೀ ಬೀದಿ ಗೋಡೆಗೆ ಫೋನು ತೋರಿಸಿ ಹೋಗುವಾಗ
ಕೈಗೆ ಕೈ ತಾಕಿಸಿ ಕೊಟ್ಟವಳು ಇವಳೊಬ್ಬಳು.
ನೇಮಮ್ಮನ ನೋಟು ಸಾಸಿವೆ ಡಬ್ಬಿಗೆ.
ಸಾಸಿವೆಯ ಕೆಳಗೆ ಪ್ಲಾಸ್ಟಿಕ್ಕು,
ಪ್ಲಾಸ್ಟಿಕ್ಕಿನ ಕೆಳಗೆ ನಾನು.
ಅದರಲ್ಲೇ ನನ್ನ ಕನ್ನಡಕ ಬಂತು,
ಅಕ್ಕನ ಮೊಮ್ಮಗಳಿಗೆ ಗೆಜ್ಜೆ,
ಒಂದು ಮಧ್ಯಾಹ್ನ ಶೆಟರ್ ಅರ್ಧ ಎಳೆದು
ಒಬ್ಬಳೇ ಹೋಗಿ, ಒಬ್ಬಳೇ ಕೂತು ತಿಂದ ಫಲೂದಾ.

ನಿನ್ನೆ ಓಡುತ್ತಾ ಬಂದಳು, ಚಪ್ಪಲಿ ಅದಲುಬದಲು.
"ಅಕ್ಕಾ, ಬ್ಯಾಂಕ್ ಆಯ್ತು!"
ಹಾಲು, ಆರು ಮೊಟ್ಟೆ, ಎರಡು ಬಾಳೆಹಣ್ಣು.
ಉಸಿರು ಬಿಗಿಹಿಡಿದು ಫೋನು ಚಾಚಿದಳು.
ಪೆಟ್ಟಿಗೆ ಕೂಗಿತು:
ತೊಂಬತ್ತೆರಡು ರೂಪಾಯಿ ಬಂದಿದೆ.
ಅವಳು ಚಪ್ಪಾಳೆ ತಟ್ಟಿದಳು. ನಾನೂ ತಟ್ಟಿದೆ.
ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ.
ಈ ಊರು ಅವಳಿಗೆ ಹೂಂ ಅಂದದ್ದು
ಅದೇ ಮೊದಲು.
ಒಂದು ಚಿಕ್ಕಿ ಕೊಟ್ಟು ದುಡ್ಡು ಬೇಡ ಅಂದೆ.

ಬಂದಿದೆ ಅಂತಷ್ಟೇ ಹೇಳುತ್ತದೆ ಪೆಟ್ಟಿಗೆ.
ಯಾರಿಗೆ ಅನ್ನುವುದನ್ನು ಇನ್ನೂ ಕಲಿತಿಲ್ಲ.

ರಾತ್ರಿ ಡಬ್ಬಿ ತೆಗೆದೆ. ನಾನೂರ ಹತ್ತು,
ಬೆರಳಿಗೆ ಅಂಟಿದ ನಾಲ್ಕು ಕಾಳು ಸಾಸಿವೆ.
ಪುಸ್ತಕದಲ್ಲಿ ಅವಳ ಪುಟಕ್ಕೆ ಗೆರೆ ಎಳೆಯೋಣವೆಂದರೆ
ಮಾರ್ಚಿನದು ಹದಿನೆಂಟು ರೂಪಾಯಿ ಬಾಕಿ ಇದೆ,
ಬ್ರೆಡ್ಡಿನದಿರಬೇಕು.

ಇರಲಿ.
ಕೇಳಿದರೆ ಅದನ್ನು
ಕೈಗೇ ಕೊಡು ಅಂತ ಕೇಳುತ್ತೇನೆ.