ಮೂರು ನಿಮಿಷ ಗಾಳಿ ನಿಲ್ಲಲಿ

ಪುಂಟಾ ಅರೆನಾಸಿನ ಗಾಳಿಗೆ ಪ್ರತಿ ತಿರುವೂ ಬಾಯಿಪಾಠ.
ಬೀದಿಯಲ್ಲಿ ಹಗ್ಗ ಕಟ್ಟಿರುತ್ತಾರೆ, ಹಿಡಿದು ನಡೆಯಲು.
ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕಂಕುಳಲ್ಲಿ
ಪ್ಲಾಸ್ಟಿಕ್ಕು ಸುತ್ತಿದ ಎಂಟು ವರ್ಷದ ಕಂಪ್ಯೂಟರು.
ಹಾಗೆ ತಲುಪಿದೆ ರೆಮಿಹಿಯೊ ಬರ್ರಿಯಾನ ಅಂಗಡಿ.

ನನ್ನ ಕೆಲಸ ಜೌಗುನೆಲದ ನಕ್ಷೆ.
ಡ್ರೋನು ತಂದ ಸಾವಿರದ ನಾನೂರು ಫೋಟೋಗಳನ್ನು
ಅಂಚಿಗೆ ಅಂಚು ಹೊಲಿಯುವುದು.
ಮೊದಲು ನಾಲ್ಕು ಗಂಟೆ ಹಿಡಿಯುತ್ತಿತ್ತು,
ಹೊಸ ಕ್ಯಾಮರಾ ಬಂದಮೇಲೆ ಹನ್ನೊಂದು.
ರಾತ್ರಿ ಹಚ್ಚಿಟ್ಟು ಮಲಗಿದರೆ ಬೆಳಗ್ಗೆ
ಶೇಕಡಾ ಎಂಬತ್ತಮೂರರಲ್ಲಿ ನಿಂತು
ಏದುಸಿರು ಬಿಡುತ್ತಿರುತ್ತದೆ ಫ್ಯಾನು.

ಹಳೇ ಬಿಲ್ಲೊಂದರ ಬೆನ್ನಿಗೆ ನಡುಗೀಟು ಎಳೆದ ರೆಮಿಹಿಯೊ.
ಎಡಕ್ಕೆ: ಇದೇ ಸಾಕೆಟ್ಟಿನಲ್ಲಿ ಕೂರುವ
ಕೊನೆಯ ತಲೆಮಾರಿನ ಪ್ರೊಸೆಸರು,
ಯಾರೋ ಬಳಸಿ ಬಿಟ್ಟದ್ದು, ತೊಂಬತ್ತು ಸಾವಿರ ಪೆಸೊ.
ಬಲಕ್ಕೆ: ಹೊಸ ಮದರ್‌ಬೋರ್ಡು,
ಅದಕ್ಕೆ ಹಳೇ ಮೆಮೊರಿ ಒಗ್ಗದು, ಹೊಸದು ಬೇಕು,
ಹೊಸ ಪ್ರೊಸೆಸರು, ಅದರ ಮೇಲೆ ಹಳೇ ಕೂಲರು ಕೂರದು,
ಇಷ್ಟಾದ ಮೇಲೆ ಪವರ್ ಸಪ್ಲೈ ಯಾಕೆ ಹಳೆಯದು?
ಬಲಗಡೆ ಜಾಗ ಸಾಲದೆ
ಕಾಗದ ತಿರುಗಿಸಿ ಅಂಚಿನಲ್ಲಿ ಬರೆದ.

ಸಾಯುವ ಬೋರ್ಡಿಗೆ ತೊಂಬತ್ತು ಸಾವಿರವೇ?
ಮೂಗಿಗಿಂತ ಮೂಗುತಿ ಭಾರ ಅನ್ನಿಸಿತು.
ಬಲಗಡೆಯ ಮೊತ್ತ ನೋಡಿದೆ.
ಇವನು ಮುಖವನ್ನೇ ಮಾರುತ್ತಿದ್ದಾನೆ.

ರೆಮಿಹಿಯೊ ಚಿಲೊಯೆ ದ್ವೀಪದವನು. ಅಲ್ಲಿ
ಬೇಡವಾಗುವುದು ಮನೆಯಲ್ಲ, ನೆಲ.
ಊರೆಲ್ಲ ಸೇರಿ ಮರದ ಮನೆಯನ್ನೇ ದಿಮ್ಮಿಗಳ ಮೇಲೇರಿಸಿ
ಎತ್ತು ಕಟ್ಟಿ ಎಳೆಯುತ್ತಾರೆ.
"ನಮ್ಮಜ್ಜಿಯ ಮನೆ ಹಾಗೇ ಕಡಲೂ ದಾಟಿತು" ಅಂದ,
"ಕಿಟಕಿಯ ಪರದೆ ಕೂಡ ಬಿಚ್ಚಿರಲಿಲ್ಲ.
ಆಚೆ ದಡದಲ್ಲಿ ಇಳಿಸಿದರೆ ಬಾಗಿಲು ಹಾಕಿಕೊಳ್ಳಲೊಲ್ಲದು.
ಸಾಯುವ ತನಕ ಅಜ್ಜಿ
ಬಾಗಿಲಿಗೆ ಕುರ್ಚಿ ಆನಿಸಿ ಮಲಗಿದಳು."

ಇದು ಎಡಗಡೆಯ ವಾದವೋ ಬಲಗಡೆಯದೋ, ಕೇಳಿದೆ.
ಅವನಿಗೂ ಗೊತ್ತಿರಲಿಲ್ಲ.

ಡ್ರೋನಿಗೆ ಬ್ಯಾಟರಿ ಬೇರೆ ಕೊಳ್ಳಬೇಕು.
ಎಡಕ್ಕೆ ಸುತ್ತು ಹಾಕಿದೆ.

ಆಗ ಹೇಳಿದ, ಬೋರ್ಡಿಗೆ ಹೊಸಬನ ಗುರುತಿಲ್ಲ.
ಮೊದಲು ಬಯಾಸ್ ಅಪ್‌ಡೇಟ್ ಆಗಬೇಕು,
ಅದೂ ಹಳೇ ಪ್ರೊಸೆಸರು ಕೂತಿರುವಾಗಲೇ.
ತನ್ನ ಜಾಗಕ್ಕೆ ಬರುವವನ ಹೆಸರನ್ನು
ತಾನೇ ಹೇಳಿಕೊಟ್ಟು ಎದ್ದುಹೋಗಬೇಕು ಅದು.
ಮೂರು ನಿಮಿಷ. ನಡುವೆ ಕರೆಂಟು ಹೋಯಿತೋ,
ಬಲಗಡೆಯೊಂದೇ ಉಳಿಯುತ್ತದೆ.

ಹೊರಗೆ ತಗಡು ಬಡಿದುಕೊಳ್ಳುತ್ತಿತ್ತು.
ಇಪ್ಪತ್ತು. ಮೂವತ್ನಾಲ್ಕು.
ಅರವತ್ತೊಂದರಲ್ಲಿ ಟ್ಯೂಬ್‌ಲೈಟು ಕಣ್ಣು ಮಿಟುಕಿಸಿತು.
ರೆಮಿಹಿಯೊ ಹೋಗಿ ಸ್ವಿಚ್ಚಿನ ಮೇಲೆ ಅಂಗೈ ಒತ್ತಿ ನಿಂತ,
ಕರೆಂಟು ಅಲ್ಲಿಂದಲೇ ಹೊರಡುತ್ತದೆ ಎಂಬಂತೆ.
ನಾನು ನಗಲಿಲ್ಲ. ನಾನೂ ಮೇಜಿನ ಕಾಲು ಹಿಡಿದುಕೊಂಡಿದ್ದೆ.

ನೂರು.

ಹಳೆಯದನ್ನು ಎತ್ತಿದ. ಬೂದಿಬಣ್ಣದ ಪೇಸ್ಟು ಒಣಗಿ ಬಿರಿದಿತ್ತು.
ಬಂದ ಹೊಸಬನ ಒಂದು ಪಿನ್ನು ಸೊಟ್ಟ.
ಸೀಸದ ಪೆನ್ಸಿಲ್ಲಿನ ಟೊಳ್ಳು ಮೂತಿಯನ್ನು ತೊಡಿಸಿ,
ಉಸಿರು ಬಿಗಿಹಿಡಿದು ಮೆಲ್ಲಗೆ ನೆಟ್ಟಗೆ ಮಾಡಿದ.
ಇವನಿಗೆ ಮೈಕಾವು ಜಾಸ್ತಿ, ಇರಲಿ ಅಂತ
ದೊಡ್ಡ ಕೂಲರೊಂದನ್ನು ಪುಕ್ಕಟೆ ಏರಿಸಿದ.

ಈಗ ಆರು ಗಂಟೆ ಹಿಡಿಯುತ್ತದೆ. ಅವನು ಹೇಳಿದ್ದು ಐದು.
ಜೌಗು ಬೆಳೆಯುವುದು ವರ್ಷಕ್ಕೊಂದು ಮಿಲಿಮೀಟರು,
ಅವಸರವೇನಿದ್ದರೂ ಗುತ್ತಿಗೆ ಕೊಟ್ಟವರದು.
ಬಿಲ್ಲು ಮಡಚಿ ಇಟ್ಟಿದ್ದೇನೆ, ಬಲಗಡೆ ಮೇಲಕ್ಕೆ ಬರುವ ಹಾಗೆ.

ಕೂಲರು ಎತ್ತರವಾಗಿ
ಪೆಟ್ಟಿಗೆಯ ಪಕ್ಕದ ಬಾಗಿಲು ಹಾಕಿಕೊಳ್ಳುತ್ತಿಲ್ಲ.
ಕುರ್ಚಿ ಆನಿಸಿ ಮಲಗುತ್ತೇನೆ.