ಬಣ್ಣದ ಕಾಲಂ

ಪೀಣ್ಯ ಎರಡನೇ ಹಂತ, ಹದಿನಾಲ್ಕನೇ ಅಡ್ಡರಸ್ತೆ.
ಎಡಕ್ಕೆ ಕ್ರೋಮ್ ಹಾಕುವ ಶೆಡ್ಡು, ಬಲಕ್ಕೆ ಸ್ಪ್ರಿಂಗ್ ತಿರುಚುವ ಶೆಡ್ಡು,
ನಡುವೆ ನಮ್ಮದು, ನೀರು ಒಡೆಯುವ ಶೆಡ್ಡು.
ಕಲ್ಲು ಒಡೆಯುವವನ ಮೊಮ್ಮಗ ನಾನು.
ನೀರನ್ನೂ ಒಡೆಯಬಹುದು ಎಂದು ತಾತನಿಗೆ ಹೇಳಿದ್ದರೆ
ಬೀಡಿ ಕೆಳಗಿಟ್ಟು ನಗುತ್ತಿದ್ದ.

ಇಪ್ಪತ್ತೆರಡು ವರ್ಷ ಡೀಸೆಲ್ ಜನರೇಟರಿನ ಮಗ್ಗುಲಲ್ಲಿದ್ದೆ.
ಕರೆಂಟು ಹೋದ ಮದುವೆಮಂಟಪ, ನರ್ಸಿಂಗ್ ಹೋಂ, ಟಾಕೀಸು,
ಎಲ್ಲೆಲ್ಲಿ ಕತ್ತಲೋ ಅಲ್ಲಲ್ಲಿ ನಾನು, ಮೊಣಕೈವರೆಗೆ ಮಸಿ.
ಕೆಮ್ಮು ಕೇಳಿಯೇ ಹೇಳುತ್ತಿದ್ದೆ
ಯಾವ ಇಂಜೆಕ್ಟರು ಕಟ್ಟಿದೆಯೆಂದು.
ಈ ಹೊಸ ಯಂತ್ರ ಕೆಮ್ಮುವುದಿಲ್ಲ.
ಫ್ರಿಜ್ಜಿನಷ್ಟು ಗುಂಯ್ ಎನ್ನುತ್ತದೆ, ಅಷ್ಟೇ.
ಮೊದಲ ತಿಂಗಳು ಅದರೆದುರು ಕಿವಿ ಕಳಕೊಂಡವನ ಹಾಗೆ ಕೂತಿದ್ದೆ.

ಒಂದು ಕಿಲೋಗೆ ಒಂಬತ್ತು ಲೀಟರು, ಪುಸ್ತಕದಲ್ಲಿ.
ನಮ್ಮಲ್ಲಿ ಇಪ್ಪತ್ತು ದಾಟುತ್ತದೆ.
ಟ್ಯಾಂಕರಿನ ನೀರು ಗಡಸು; ಸೋಸಿ ಸೋಸಿ
ಯಂತ್ರ ಒಲ್ಲೆನೆಂದದ್ದು ಹಿಂಬದಿಯ ಪೈಪಿನಿಂದ ಹೊರಗೆ.
ಅಲ್ಲಿ ಬೆಳಗಿನ ಐದಕ್ಕೇ ಕೊಡಗಳ ಸಾಲು.
ಪಾತ್ರೆಗೆ ಆಗುತ್ತೆ, ಬಟ್ಟೆಗೂ ಆಗುತ್ತೆ,
ಬೇಳೆ ಮಾತ್ರ ಬೇಯೋಲ್ಲ ಅಂತಾಳೆ ನಮ್ಮ ಕಸ ಗುಡಿಸುವ ಮಾರಕ್ಕ.

ಹಗಲು ಪಾವಗಡದ ಬಿಸಿಲು ತಂತಿ ಹಿಡಿದು ಬರುತ್ತದೆ.
ಸಂಜೆ ಸೂರ್ಯನ ಪಾಳಿ ಮುಗಿದ ಮೇಲೆ ನನ್ನದು ಶುರು.
ಗಾಳಿಯ ತಿಂಗಳಲ್ಲಿ ಚಿತ್ರದುರ್ಗದ ಗುಡ್ಡಗಳು ರಾತ್ರಿಯೂ ದುಡಿಯುತ್ತವಂತೆ.
ಮಿಕ್ಕ ದಿನ ನಡುರಾತ್ರಿ ಬರುವುದು
ರಾಯಚೂರಿನ ಕಲ್ಲಿದ್ದಲೋ, ಶರಾವತಿಯ ನೀರೋ,
ಕರೆಂಟಿನ ಮೈಮೇಲೆ ಊರ ಹೆಸರು ಬರೆದಿರುವುದಿಲ್ಲ.
ಮುಟ್ಟಿದರೆ ಎಲ್ಲ ಒಂದೇ ಥರ ಹೊಡೆಯುತ್ತದೆ.

ಆದರೆ ರಿಜಿಸ್ಟರಿನಲ್ಲಿ ಒಂದು ಕಾಲಂ ಇದೆ: ಬಣ್ಣ.
ಬೂದಿ, ನೀಲಿ, ಹಸಿರು. ಒಂದಕ್ಕೆ ಟಿಕ್ ಹಾಕಬೇಕು.
ಬಣ್ಣವಿಲ್ಲ ವಾಸನೆಯಿಲ್ಲ ರುಚಿಯಿಲ್ಲ ಎಂದು
ದಾಸರಹಳ್ಳಿ ಸ್ಕೂಲಿನಲ್ಲಿ ಸರೋಜಿನಿ ಮೇಡಂ
ಬಾಯಿಪಾಠ ಮಾಡಿಸಿದ ಅನಿಲಕ್ಕೆ
ಈಗ ಜಾತಿ ಪ್ರಮಾಣಪತ್ರ.
(ನನ್ನದಕ್ಕೆ ತಾಲ್ಲೂಕು ಕಚೇರಿಗೆ ಏಳು ಸಲ ಅಲೆದಿದ್ದೆ.)
‘ಹಸಿರಿಗೇ ಹಾಕಿ ಗುರುವಪ್ಪ,’ ಅಂತಾರೆ ನಿರಂಜನ್ ಸಾರ್,
‘ತಿಂಗಳ ಲೆಕ್ಕದಲ್ಲಿ ಸರಿದೂಗುತ್ತೆ.’
ಸರಿದೂಗಬಹುದು. ನನ್ನ ಪೆನ್ನು ಮಾತ್ರ
ರಾತ್ರಿ ಎರಡಕ್ಕೆ ಸ್ವಲ್ಪ ತಡವರಿಸುತ್ತದೆ.

ಮೊನ್ನೆ ಬೆಳಗ್ಗೆ ಏಳು, ಪಾಳಿ ಬದಲಾಗುವ ಹೊತ್ತು,
ಅಲಾರಂ ಕೂಗಿತು. ಎಲ್ಲೂ ಏನೂ ಕಾಣದು.
ಈ ಬೆಂಕಿಗೆ ಬಿಸಿಲಲ್ಲಿ ಮೈಯಿಲ್ಲ,
ಕೈ ಸುಟ್ಟ ಮೇಲೇ ಗೊತ್ತಾಗುವುದು.
ಕ್ಯಾಮೆರಾ ಕೈಕೊಟ್ಟರೆ ಪೊರಕೆ ಹಿಡಿ
ಎಂದಿದ್ದ ತರಬೇತಿಗೆ ಬಂದ ಒಬ್ಬ ಮುದುಕ; ನಾವೆಲ್ಲ ನಕ್ಕಿದ್ದೆವು.
ಮಾರಕ್ಕನ ಕೈಯಿಂದ ಕಸಿದುಕೊಂಡೆ.
ಮುಂದಕ್ಕೆ ಚಾಚಿ, ಹಾವು ಹುಡುಕುವವನಂತೆ,
ಒಂದು ಹೆಜ್ಜೆ, ಇನ್ನೊಂದು,
ಮೂರನೇ ಫ್ಲಾಂಜಿನ ಬಳಿ
ತೆಂಗಿನ ಕಡ್ಡಿಗಳು ತಾವಾಗಿ ಕೆಂಪಾದವು.

ವಾಲ್ವು ತಿರುಗಿಸಿದೆ. ಮತ್ತೆ ಪೊರಕೆ ಚಾಚಿದೆ.
ಏನಿಲ್ಲ. ಕಾಣದೆ ಬಂದದ್ದು ಕಾಣದೆ ಹೋಗಿತ್ತು.
ಪಕ್ಕದ ತಣ್ಣನೆಯ ಉಕ್ಕಿನ ಹಲಗೆ ಮಾತ್ರ ಬೆವತಿತ್ತು.
ಮಾರಕ್ಕ ಬೆರಳಾಡಿಸಿದಳು.
‘ನೀರು ಕಣಣ್ಣ. ಎಲ್ಲಿಂದ ಸೋರ್ತಿದೆ?’

ಎಲ್ಲಿಂದಲೂ ಇಲ್ಲ ಮಾರಕ್ಕ. ಉರಿದದ್ದೇ ಅದು.
ಜಲಜನಕ. ನೀರಿನ ಅಪ್ಪ.
ಮೇಡಂ ಬೋರ್ಡಿನ ಮೇಲೆ ಬರೆದು ಅಳಿಸಿದ ಪದ
ನಲವತ್ತು ವರ್ಷ ಸುತ್ತಿ ಈ ಹಲಗೆಯ ಮೇಲೆ ಬಿದ್ದಿತ್ತು,
ನಾಲ್ಕೈದು ಹನಿ.

ಅವಳು ಮೂಸಿದಳು. ನಾಲಿಗೆಗೂ ಇಟ್ಟಳು.
‘ಇದರಲ್ಲಿ ಬೇಳೆ ಬೇಯುತ್ತೆ,’ ಅಂದಳು.
ಆಮೇಲೆ ಕರಕಲು ತುದಿಯನ್ನು ನೆಲಕ್ಕೆ ಬಡಿಯುತ್ತ,
‘ನಲವತ್ತು ರೂಪಾಯಿ ಪೊರಕೆ. ಯಾವ ಕಾಲಮ್ಮಿಗೆ ಬರೀತೀಯ?’

ಹುಡುಕಿದೆ. ಒಂದೇ ಜಾಗ ಖಾಲಿ ಇತ್ತು.
ಬಣ್ಣದ ಕೆಳಗೆ ಬರೆದೆ:
ಪೊರಕೆ, ಒಂದು, ಸುಟ್ಟದ್ದು.