ಕಾಲಿಂಚು ನೀಲಿ

ನನ್ನದು ಕಟ್ಟು ಹಾಕುವ ಅಂಗಡಿ, ಹರಿಹರದಲ್ಲಿ,
ಹಳೇ ಸೇತುವೆಗೆ ಹೋಗುವ ದಾರಿಯ ಎಡಕ್ಕೆ.
ದೇವರು, ಮದುವೆ, ತೀರಿಕೊಂಡವರು:
ಗಾಜಿನ ಹಿಂದೆ ಹೋಗುವುದು ಹೆಚ್ಚಾಗಿ ಇವೇ ಮೂರು.
ನದಿಯನ್ನು ತಂದವನು ಮಾನೋಜಪ್ಪ ಒಬ್ಬನೇ.

ಕಾರ್ಖಾನೆಯ ಪೇಂಟ್ ಷಾಪಿನಲ್ಲಿ ಅವನಿಗೆ ಕೆಲಸ,
ಲೇಥುಗಳಿಗೆ ಬೂದಿ ಬಣ್ಣ ಬಳಿಯುವುದು, ದಿನಕ್ಕೆ ಎಂಟು ತಾಸು.
ಡಬ್ಬದ ತಳದಲ್ಲಿ ಮಿಕ್ಕಿದ್ದು
ಬುತ್ತಿಯ ಡಬ್ಬಿಯಲ್ಲಿ ಮನೆಗೆ ಹೋಗುತ್ತಿತ್ತು,
ಗೇಟಿನ ವಾಚ್‌ಮನ್ ಮುಚ್ಚಳ ತೆಗೆಸುತ್ತಿರಲಿಲ್ಲ.
ಆ ಬೂದಿಯಿಂದಲೇ ಅವನ ಸೇತುವೆ, ಕಮಾನಿನ ಕಲ್ಲು,
ರೈಲು ಕಂಬಿ, ಆಚೆ ದಡದ ಚಿಮಣಿ.
ನೀಲಿ ಮಾತ್ರ ಅಗಸರ ಕಟ್ಟೆಯದು,
ಬಿಳಿ ಪಂಚೆಗೆ ಅದ್ದುವ ನೀಲಿ, ಪುಡಿಕೆಗೆ ಎಂಟಾಣೆ.

ಮೊದಲ ಪಾಳಿಯ ಸೈರನ್ನಿಗೆ ಮುಂಚೆ
ಮರಳಿನಲ್ಲಿ ಕುಕ್ಕರಗಾಲಲ್ಲಿ ಕೂತಿರುತ್ತಿದ್ದ.
ಹೊಳೆಯ ಮೇಲೆ ಮಂಜು ಏಳುವ ಹೊತ್ತಿಗೆ
ಊರು ಇನ್ನೂ ತೀರ್ಮಾನವಾಗಿರುವುದಿಲ್ಲ:
ಗುಡಿ ಇದ್ದರೂ ಇರಬಹುದು,
ಬಟ್ಟೆ ಒಗೆಯುವ ಸದ್ದಿದೆ, ಒಗೆಯುವವರಿಲ್ಲ.

‘ಇದ್ರಾಗೆ ಊರೆಲ್ಲೈತೋ?’ ಅಂತ ಕೇಳಿದ್ದೆ ಒಮ್ಮೆ.
‘ಕಣ್ಣಿಗೆ ಕಾಣೋದು ಇಷ್ಟೇ ಕಣಯ್ಯ,
ಉಳಿದಿದ್ದು ಗೊತ್ತೈತೆ ಅಂತ ಕಾಣ್ತೀವಿ.’
ಕಟ್ಟಿನ ಅಂಚಿನಡಿ ಸುತ್ತಲೂ ಕಾಲಿಂಚು ಮುಚ್ಚಿಹೋಗುತ್ತೆ,
ಅಲ್ಲೆಲ್ಲ ಯಾಕೆ ಬಣ್ಣ ದಂಡ ಮಾಡ್ತೀಯ ಅಂದರೆ
‘ಕಣ್ಣಿಗೆ ರೆಪ್ಪೆ ಇಲ್ವಾ?’ ಅಂದ.
ದುಡ್ಡು ಕಂತಿನಲ್ಲಿ ಕೊಟ್ಟ.
ಕಡೆಯ ಕಂತು ಇನ್ನೂ ಬರಬೇಕು.

ಕಾರ್ಖಾನೆ ಮುಚ್ಚಿತು. ಆಮೇಲೆ ಅವನೂ.

ಮೊನ್ನೆ ಹಲ್ಲಿನ ಡಾಕ್ಟರ ಆಸ್ಪತ್ರೆಯ ಹಾಲಮ್ಮ
ಹಳೇ ಸೀರೆಯಲ್ಲಿ ಸುತ್ತಿ ಒಂದು ಚಿತ್ರ ತಂದಳು.
ಹಿಂದಿನ ರಟ್ಟಿಗೆ ಗೆದ್ದಲು.
ಪಡುವಣ ಕಿಟಕಿಯ ಎದುರು ಇಪ್ಪತ್ತೇಳು ವರ್ಷ;
ದವಡೆ ಹಿಡಿದುಕೊಂಡ ಅರ್ಧ ಹರಿಹರ
ಅದನ್ನೇ ದಿಟ್ಟಿಸುತ್ತ ತನ್ನ ಸರದಿ ಕಾದಿದೆ.

ಮಾನೋಜಪ್ಪನ ಮಂಜು ಅರಿಶಿನ ಬಣ್ಣದ್ದು,
ಊರೇ ಹೇಳುವ ಮಾತು. ನಾನೂ ಹೇಳುತ್ತಿದ್ದೆ:
ಚಿಮಣಿಯ ಹೊಗೆ ಅದು,
ಬಿಸಿಲು ಬೆರೆತ ಧೂಳು,
ಒಬ್ಬ ಮೇಷ್ಟರಿಗೆ ವೈರಾಗ್ಯ ಅಂತಲೂ ಹೇಳಿದ್ದುಂಟು.

ಮೊಳೆ ಕಿತ್ತೆ. ಗಾಜು ಸರಿಸಿದೆ.
ಕಾಗದವನ್ನು ಅಂಗೈಮೇಲೆ ಮಗುವಿನಂತೆ ಎತ್ತಿಕೊಂಡರೆ
ನಾಲ್ಕೂ ಕಡೆ, ಕಟ್ಟು ಕೂತಿದ್ದ ಜಾಗದಲ್ಲಿ,
ಕಾಲಿಂಚು ನೀಲಿ.

ಬೂದಿ ಹಾಗೇ ಇತ್ತು. ಕಬ್ಬಿಣಕ್ಕೆಂದು ಮಾಡಿದ ಬಣ್ಣ ಅದು.
ಹೋದದ್ದು ಪುಡಿಕೆಯ ನೀಲಿ,
ದಿನಕ್ಕೊಂದು ಸಂಜೆ, ಕಿಟಕಿಯಿಂದ ಬಂದ ಬಿಸಿಲಿಗೆ.
ನಾನು ಮುಚ್ಚಿಟ್ಟಿದ್ದಷ್ಟೇ ಉಳಿದದ್ದು.
ಆ ಬೆಳಗಿನ ಚಳಿ ಇನ್ನೂ ಅಲ್ಲಿತ್ತು,
ಉಗುರಿನಷ್ಟು ಅಗಲಕ್ಕೆ; ಅಂಚಿನಲ್ಲಿ
ಅರ್ಧ ದೋಣಿಯ ಮೂತಿ. ಉಳಿದರ್ಧ
ಒಳಗೆ ಬರುಬರುತ್ತ ಹಳದಿಯಾಗಿ ಕರಗಿತ್ತು.

‘ಗೆದ್ದಲು ಹತ್ತದ ಫೈಬರ್ ಕಟ್ಟು ಹಾಕಿಬಿಡಿ,
ಅಗಲಕ್ಕಿರಲಿ, ನೀಟಾಗಿ ಕಾಣ್ತದೆ’ ಅಂದಿದ್ದಾಳೆ ಹಾಲಮ್ಮ.
ಅರ್ಧ ತಾಸಿನ ಕೆಲಸ. ನಾಳೆ ಬಾ ಅಂದೆ.
ಮುಚ್ಚಿದರೆ ಯಾರೂ ನೋಡುವುದಿಲ್ಲ,
ತೆರೆದಿಟ್ಟರೆ ನೋಡನೋಡುತ್ತಲೇ ಇದೂ ಹೋಗುತ್ತದೆ.
ಸ್ಕೇಲು ಹಿಡಿದು ಎರಡು ಸಲ ಅಳೆದೆ, ಗುರುತು ಹಾಕಲಿಲ್ಲ.

ಈಗ ಅದು ಮೇಜಿನ ಮೇಲಿದೆ, ಕಟ್ಟಿಲ್ಲದೆ.
ಹಳೇ ಸೇತುವೆಯ ಕಡೆಯಿಂದ ತೇವದ ಗಾಳಿ.
ಬಲ್ಬು ಆರಿಸಿದ್ದೇನೆ,
ಇರುವಷ್ಟಾದರೂ ಇರಲಿ.